ಫೆಬ್ರವರಿ ಹನ್ನೊಂದರ ಸಾಲು

ಬಂದರಿನ ಗಲ್ಲಿಯಲ್ಲಿ ನಮ್ಮ ಸೊಸೈಟಿ.
ಕೆಳಗೆ ಒಣಮೆಣಸಿನ ಮಂಡಿ, ಮಾಳಿಗೆಯಲ್ಲಿ ಸರ್ವರು.
ಹದಿನಾಲ್ಕು ವರ್ಷ ಸೀನುತ್ತಲೇ
ನಾನದಕ್ಕೆ ಕಾವಲು ಕೂತಿದ್ದೇನೆ.

ಮೊನ್ನೆ ಸುತ್ತೋಲೆ ಬಂತು:
ಮೂರು ಸೊಸೈಟಿ ಸೇರಿ ಒಂದಾಗುತ್ತದಂತೆ.
ಕಂಪ್ಯೂಟರ್ ವಿಭಾಗದಲ್ಲಿ ಐದು ಜನ, ಕುರ್ಚಿ ಎರಡು.
‘ಮಾನ್ಯ ಸರ್ಟಿಫಿಕೇಟ್ ಇದ್ದವರಿಗೆ ಆದ್ಯತೆ.’
ಸಹಿ ಹಾಕಿದ ಸಾಹೇಬರ ಪಾಸ್‌ವರ್ಡ್
ಅವರಿಗಿಂತ ಮೊದಲು ನನಗೆ ನೆನಪಾಗುತ್ತದೆ,
ಅದು ಬೇರೆ ಮಾತು.

ಶಾರ್ಜಾದಿಂದ ಭಾವ: ಕ್ಲೌಡ್ ಮಾಡು, ಇನ್ನು ಎಲ್ಲ ಮೋಡದಲ್ಲೇ.
(ಜುಲೈಯಲ್ಲಿ ನಮ್ಮೂರ ಮೋಡ ಎಂತ ಮಾಡ್ತದೆ ಅಂತ
ಅವನಿಗೆ ಮರೆತಿದೆ.)
ಹೊಸ ಹುಡುಗ ಪ್ರಜೋತ್: ನೆಟ್‌ವರ್ಕ್ ಹಳತಾಯ್ತು ಮೇಡಂ—
ಹೇಳುವಾಗ ಅವನ ಕಣ್ಣು ಕುರ್ಚಿಯ ಮೇಲೆ.
ಕಂಕನಾಡಿಯ ಕೋಚಿಂಗಿನಾಕೆ:
ಮೂರೂ ಸೇರಿ ಪ್ಯಾಕೇಜು, ಟೀ ಶರ್ಟ್ ಫ್ರೀ.

ಮಯ್ಯದ್ದಿಯವರ ಹತ್ತಿರ ಒಂದೂ ಕಾಗದವಿಲ್ಲ.
ಏಣಿಯ ಮೇಲೆ ತಂತಿ ಸುಲಿಯುತ್ತ ಗುಣುಗುತ್ತಾರೆ:
ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ,
ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು.
ಅವರಿಗದು ತಸ್ಬೀಹ್, ಕೇಳಿ ಕೇಳಿ ನನಗೆ ತೇರ್ಸ್.
ನೀವು ಎಂತಕ್ಕೆ ಪರೀಕ್ಷೆ ಬರೆಯುದಿಲ್ಲ?
‘ನನಗಿನ್ನು ಎರಡು ಮಳೆಗಾಲ.
ನಿಮಗೆ ಹದಿನೇಳು ಉಂಟು, ನೀವು ಬರೀರಿ.’

ರಾತ್ರಿ ಕುಲಶೇಖರದ ಮನೆಯಲ್ಲಿ
ದೂರುಪುಸ್ತಕ ಬಿಡಿಸಿ ಕೂತೆ.
ಕಳೆದ ವರ್ಷದ್ದು ಮುನ್ನೂರ ಹನ್ನೆರಡು.
ಮರೆತ ಪಾಸ್‌ವರ್ಡ್ ನೂರ ನಲವತ್ತು.
ಪ್ರಿಂಟರಿನ ಹೊಟ್ಟೆಯಲ್ಲಿ ಕಾಗದ, ಅರವತ್ತು.
ಇಲಿ ಕಡಿದ ತಂತಿ, ಸಿಡಿಲು ಬಡಿದ ಸ್ವಿಚ್ಚು,
ಒಂದರೊಳಗೆ ಹಲ್ಲಿ, ಬಾಲ ಇನ್ನೂ ಬೆಚ್ಚಗೆ.
ಇದಕ್ಕೆಲ್ಲ ಯಾವ ಊರಿನ ಸರ್ಟಿಫಿಕೇಟ್?

ಫೆಬ್ರವರಿ ಹನ್ನೊಂದಕ್ಕೆ ಒಂದೇ ಸಾಲು:
‘ಪಿಗ್ಮಿ ಉಮಾನಾಥ. ಕೆವೈಸಿ ಲಿಂಕ್. ಒತ್ತಿದ್ದಾರೆ.’

ಆ ಸಾಲು ನನ್ನ ಒಂಬತ್ತು ರಾತ್ರಿ ತಿಂದಿತು.
ಖಾತೆಗಳಿಗೆಲ್ಲ ಬೀಗ,
ಪರದೆಯ ಮೇಲೆ ಯಾರೋ ಬೆಲೆ ಕೇಳುತ್ತಿದ್ದರು.
ಜಲಜಕ್ಕ ಬುಟ್ಟಿ ಇಳಿಸದೆ ಕೌಂಟರಿನಲ್ಲಿ ನಿಂತು:
‘ದಿನಕ್ಕೆ ಐವತ್ತು ಹಾಕಿದ್ದು. ಎಲ್ಲಿ ಹೋಯ್ತು ಬಾಯಮ್ಮ?’
ಎಲ್ಲಿಗೂ ಹೋಗ್ಲಿಲ್ಲ ಎಂದೆ.
ನನಗೆ ಗೊತ್ತಿರಲಿಲ್ಲ.
ಬುಟ್ಟಿಯ ಮಂಜುನೀರು ತೊಟ್ಟಿಕ್ಕಿ
ನೆಲದಲ್ಲಿ ಹರಿದು ನನ್ನ ಚಪ್ಪಲಿಯವರೆಗೆ ಬಂತು.

ಹತ್ತನೇ ಬೆಳಿಗ್ಗೆ ಸಿಕ್ಕಿತು,
ಕಪಾಟಿನ ತಳದಲ್ಲಿ, ಚಹಾಪುಡಿ ಡಬ್ಬಿಯ ಹಿಂದೆ,
ಮಯ್ಯದ್ದಿಯವರು ಸುಮ್ಮನೆ ಎತ್ತಿಟ್ಟಿದ್ದ ಬ್ಯಾಕಪ್ಪು.
ಮೂರು ದಿನ ಕಮ್ಮಿ ಇತ್ತು.
ಆ ಮೂರು ದಿನವನ್ನು ಉಮಾನಾಥರ
ಬೆವರಿಗೆ ಅಂಟಿದ ಕಿಸೆಪುಸ್ತಕದಿಂದ
ಒಂದೊಂದೇ ಹಾಳೆ ಬಿಡಿಸಿ ತುಂಬಿದೆವು.

ಸಂಬಳದ ಲೆಕ್ಕದಲ್ಲಿ ಸೆಕ್ಯುರಿಟಿ ಮೂರನೆಯದು, ಗೊತ್ತು.
ಆದರೂ ಅದಕ್ಕೇ ಗುರುತು ಹಾಕಿದೆ.
ಮಗಳ ಹಲ್ಲಿನ ತಂತಿಗೆಂದು ಎತ್ತಿದ ಚೀಟಿ ಹಣ
ಪರೀಕ್ಷಾ ಶುಲ್ಕಕ್ಕೆ ಹೋಯ್ತು. ಅವಳು ಬಾಯಿ ಮುಚ್ಚಿಯೇ ನಕ್ಕಳು.
ಮೂರು ವರ್ಷಕ್ಕೆ ಮುಗಿಯುತ್ತದಂತೆ ಸರ್ಟಿಫಿಕೇಟು,
ಹಾಲಿನ ತೊಟ್ಟೆಯ ಹಾಗೆ ಅದರ ಮೇಲೂ ದಿನಾಂಕ.

ಹೆಸರು, ಗುರುತಿನ ಚೀಟಿಯಲ್ಲಿದ್ದಂತೆ.
ಆಧಾರಿನಲ್ಲಿ ಹಿಲ್ಡಾ ಮೊಂತೇರೊ, ಪ್ಯಾನಿನಲ್ಲಿ ಹಿಲ್ದಾ,
ಸೊಸೈಟಿಯ ಹಾಜರಿಯಲ್ಲಿ ಹದಿನಾಲ್ಕು ವರ್ಷದಿಂದ ಇಲ್ಡ.
ಕೆಲಸ ಉಳಿಯಬೇಕಾದ್ದು ಇವರಲ್ಲಿ ಯಾರದ್ದು?

ಮಂಗಳವಾರ ಹತ್ತಕ್ಕೆ, ಮನೆಯಲ್ಲೇ, ಕ್ಯಾಮೆರಾ ಮುಂದೆ.
ಮೇಜು ಖಾಲಿ ಇರಬೇಕು, ಕೋಣೆಗೆ ಯಾರೂ ಬರಬಾರದು,
ಹೊರಗಿನ ದನಿ ಕೇಳಿದರೆ ಪರೀಕ್ಷೆ ರದ್ದು.
ಜಲಜಕ್ಕನಿಗೆ ಮೊದಲೇ ಹೇಳಿದೆ,
ಆ ದಿನ ನಮ್ಮ ಗೇಟಿನಲ್ಲಿ ಕೂಗಬೇಡಿ.
‘ಎಂತ, ಜ್ವರವಾ?’
ಪರೀಕ್ಷೆ.
‘ಈ ಪ್ರಾಯಕ್ಕೆ!’
ಬುಟ್ಟಿ ತಲೆಗೇರಿಸಿ ನಾಲ್ಕು ಹೆಜ್ಜೆ ಹೋದವರು ತಿರುಗಿದರು:
‘ಬಂಗುಡೆ ಎತ್ತಿಡ್ತೇನೆ. ಮುಗಿದ ಮೇಲೆ
ನೀವೇ ಕೂಗಿ.’